ಸಹಾಯ ಬೇಕು: ಹೊರಗೆ ಮೂಸಾಟ, ಒಳಗೆ ಮೂತ್ರ

ನಮ್ಮ ನಾಯಿಮರಿಗೆ 10 ವಾರ. ಮನೆಗೆ ಬಂದು 2 ವಾರವಾಯಿತು. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಆಟ ಮುಗಿದ ಮೇಲೆ ತಪ್ಪದೆ ಹೊರಗೆ ಕರೆದೊಯ್ಯುತ್ತೇನೆ. ಅಲ್ಲಿ ಮಹಾರಾಯ ಒಣಗಿದ ಎಲೆ ಕಚ್ಚುತ್ತಾ, ಇರುವೆ ಮೂಸುತ್ತಾ ಕಾಲು ಗಂಟೆ ಕಳೆಯುತ್ತಾನೆ. ಒಂದು ಹನಿಯೂ ಇಲ್ಲ. ಒಳಗೆ ಬಂದ ಎರಡೇ ನಿಮಿಷಕ್ಕೆ ಕಾಲೊರೆಸುವ ಮ್ಯಾಟಿನ ಮೇಲೆ ಕೆಲಸ ಮುಗಿಸಿ ಬಾಲ ಅಲ್ಲಾಡಿಸುತ್ತಾನೆ! ಗದರಿಲ್ಲ, ಗದರಿದರೆ ಸೋಫಾದ ಹಿಂದೆ ಅಡಗಿ ಮಾಡುವುದನ್ನು ಕಲಿಯುತ್ತಾನೆ, ಅಷ್ಟೇ.

ರಾತ್ರಿಗೆಂದು ಮೂಲೆಯಲ್ಲಿ ಹಳೆಯ ಪತ್ರಿಕೆ ಹಾಸುತ್ತಿದ್ದೇನೆ. ನನ್ನ ಅನುಮಾನ ಅದರ ಮೇಲೆಯೇ: ಮನೆಯೊಳಗೂ ಜಾಗವಿದೆ ಎಂದು ನಾನೇ ಕಲಿಸಿಬಿಟ್ಟೆನೇ? ನಿನ್ನೆ ನಾನಿನ್ನೂ ಓದದ ಪತ್ರಿಕೆಯೂ ಅವನ ಪಾಲಾಯಿತು.

ಮರಿ ಸಾಕಿದ ಅನುಭವವಿರುವವರು ಹೇಳಿ: ಪತ್ರಿಕೆಯನ್ನು ಈಗಲೇ ತೆಗೆದು ರಾತ್ರಿಯೂ ಎದ್ದು ಹೊರಗೆ ಕರೆದೊಯ್ಯಬೇಕೇ, ಇಲ್ಲವೇ ಅದನ್ನೇ ದಿನಕ್ಕಿಷ್ಟು ಬಾಗಿಲ ಕಡೆಗೆ ಸರಿಸುತ್ತಾ ಹೋಗಬೇಕೇ?