ಜೂನ್ 3ರ ಐಪಿಎಲ್ ಫೈನಲ್: ಬೆಂಗಳೂರಿನಿಂದ ಅಹಮದಾಬಾದಿಗೆ ಕಡಿಮೆ ಖರ್ಚಿನಲ್ಲಿ ಹೋಗಿ ಬರುವುದು ಹೇಗೆ?

ಕೆಂಪುಕಪ್ಪು_ಯಲಹಂಕ | ಮೇ 30, 2025, ಬೆಳಗ್ಗೆ 9:10

ನಿನ್ನೆ ಮುಲ್ಲಾಂಪುರದಲ್ಲಿ ಪಂಜಾಬ್ ತಂಡವನ್ನು 101ಕ್ಕೆ ಆಲ್‌ಔಟ್ ಮಾಡಿ ಆರ್‌ಸಿಬಿ ಫೈನಲ್‌ಗೆ ಹೋಗಿದೆ. ಪಂದ್ಯ ಮಂಗಳವಾರ ರಾತ್ರಿ 7:30ಕ್ಕೆ, ಮೊಟೇರಾದ ನರೇಂದ್ರ ಮೋದಿ ಸ್ಟೇಡಿಯಂನಲ್ಲಿ. ನಾಲ್ಕು ಜನ ಹೊರಟಿದ್ದೇವೆ, ಮೂವರು ಬೆಂಗಳೂರಿನಿಂದ, ಒಬ್ಬ ಹುಬ್ಬಳ್ಳಿಯಿಂದ. ಪಂದ್ಯದ ಟಿಕೆಟ್ ನಾಲ್ಕೂ ಕೈಯಲ್ಲಿವೆ. ವಿಮಾನದ್ದೇ ತಲೆನೋವು. ರಾತ್ರೋರಾತ್ರಿ ನೇರ ವಿಮಾನಗಳ ದರ ಮಾಮೂಲಿಗಿಂತ ಮೂರು ಪಟ್ಟು ದಾಟಿದೆ. ತಲೆಗೆ ಹೋಗಿ ಬರಲು 20 ಸಾವಿರದೊಳಗೆ ಮುಗಿಯಬೇಕು, 5ನೇ ತಾರೀಕು ಬೆಳಗ್ಗೆ ಆಫೀಸಿನಲ್ಲಿರಬೇಕು.

ಒಂದೆರಡು ದಿನ ಕಾದರೆ ದರ ಇಳಿಯುತ್ತದೆಯೇ? ಬೇರೆ ಊರಿಗೆ ಇಳಿದು ಹೋಗುವುದು ಲಾಭವೇ? ವಾಪಸ್ ಟಿಕೆಟ್ ಯಾವ ಹೊತ್ತಿಗೆ ಹಾಕುವುದು?

ದರಪಟ್ಟಿ | ಮೇ 30, ಬೆಳಗ್ಗೆ 9:52

ಕಾಯಬೇಡಿ. ಮುಂಬೈ, ದೆಹಲಿ ಮಾರ್ಗದಲ್ಲಿ ಇರುವಷ್ಟು ವಿಮಾನ ಅಹಮದಾಬಾದಿಗೆ ಇಲ್ಲ. ನಾಲ್ಕು ದಿನದಲ್ಲಿ ಇಷ್ಟು ಜನ ಒಟ್ಟಿಗೆ ಹೊರಟರೆ ದರ ಏರುವುದೇ ಹೊರತು ಇಳಿಯುವುದು ಅಪರೂಪ. ಇಳಿದರೆ ಎರಡೇ ಕಾರಣಕ್ಕೆ: ಕಂಪನಿ ಹೆಚ್ಚುವರಿ ವಿಮಾನ ಹಾಕಿದಾಗ, ಇಲ್ಲವೇ ಯಾರೋ ತಡೆದಿಟ್ಟಿದ್ದ ಗುಂಪು ಸೀಟುಗಳು ವಾಪಸ್ ಬಂದಾಗ. ಎರಡನ್ನೂ ನಂಬಿ ಕೂರುವ ಹಾಗಿಲ್ಲ. ದಿನಕ್ಕೆ ಮೂರು ಸಲ ನೋಡುತ್ತಿರಿ ಅಷ್ಟೆ.

ಇನ್ನು ಹುಡುಕುವ ರೀತಿ. ಒಂದೇ ವಿಮಾನದ ಸೀಟುಗಳನ್ನು ಕಂಪನಿಗಳು ಹತ್ತಾರು ದರದ ಮೆಟ್ಟಿಲುಗಳಾಗಿ ಹಂಚಿರುತ್ತವೆ, ಇದಕ್ಕೆ ಬಕೆಟ್ ಅನ್ನುತ್ತಾರೆ. ಕೆಳಗಿನ ಬಕೆಟ್ ಖಾಲಿಯಾದ ಮೇಲೆ ಮುಂದಿನದು ತೆರೆಯುತ್ತದೆ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದರೆ, ನಾಲ್ಕೂ ಸೀಟು ಸಿಗುವ ಬಕೆಟ್ಟಿನ ದರವನ್ನೇ ಎಲ್ಲರಿಗೂ ಹಾಕುತ್ತದೆ. ಕೆಳ ಬಕೆಟ್‌ನಲ್ಲಿ 9,000ದ ಎರಡು ಸೀಟು ಉಳಿದಿವೆ, ಮೇಲಿನದು 12,500 ಅಂದುಕೊಳ್ಳಿ. ನಾಲ್ವರಿಗೆ ಒಂದೇ ಸಲ ಬುಕ್ ಮಾಡಿದರೆ 50,000, ಎರಡೆರಡಾಗಿ ಮಾಡಿದರೆ 43,000. ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಮೂವರಿಗೆ. ದರ ಎಲ್ಲಿ ಜಿಗಿಯುತ್ತದೋ ಅಲ್ಲಿ ಒಡೆದು ಬುಕ್ ಮಾಡಿ. ಪಿಎನ್ಆರ್ ಬೇರೆ ಬೇರೆ ಆಗುತ್ತದೆ, ವಿಮಾನ ರದ್ದಾದರೆ ಪ್ರತಿಯೊಂದಕ್ಕೂ ಬೇರೆಯಾಗಿ ಬದಲಿ ಕೇಳಬೇಕು. ಅದೊಂದೇ ತೊಂದರೆ.

ಹೋಗುವುದು ಬರುವುದು ಒಟ್ಟಿಗೆ ಹಾಕಿದರೆ ಅಗ್ಗ ಎಂಬ ಲೆಕ್ಕ ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ಎರಡನ್ನೂ ಒಂಟಿ ಪ್ರಯಾಣವಾಗಿ ನೋಡಿ, ಕಂಪನಿ ಬೇರೆಯಾದರೂ, ಊರು ಬೇರೆಯಾದರೂ ಸರಿ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಿಂದ ದರ ಇಳಿಯುವುದಿಲ್ಲ. ಹಣ ಕಟ್ಟುವ ಹೊತ್ತಿಗೆ ದರ ಏರಿತು ಅಂದರೆ ಆ ಬಕೆಟ್ಟಿನ ಕೊನೆ ಸೀಟು ಅಷ್ಟರಲ್ಲಿ ಮಾರಾಟವಾಗಿದೆ, ಇಲ್ಲವೇ ಬುಕಿಂಗ್ ಆ್ಯಪ್ ಹಳೆಯ ದರ ತೋರಿಸುತ್ತಿತ್ತು. ಆ್ಯಪಿನಲ್ಲಿ ಹುಡುಕಿ, ಕಂಪನಿಯ ಸ್ವಂತ ಸೈಟಿನಲ್ಲಿ ಕೊನೆಯ ಮೊತ್ತ ಹೋಲಿಸಿ. ಕನ್ವೀನಿಯನ್ಸ್ ಫೀ ಸೇರಿಸಿಯೇ ಹೋಲಿಸಬೇಕು.

ಬಹಳ ಜನ ಬಿಟ್ಟುಬಿಡುವ ದಾರಿ ಇನ್ನೊಂದಿದೆ. ನಿಮ್ಮ ಬಡಾವಣೆಯ ಟ್ರಾವೆಲ್ ಏಜೆಂಟರನ್ನು 'ಸೀರೀಸ್ ಸೀಟು' ಇದೆಯೇ ಎಂದು ಕೇಳಿ. ತಿಂಗಳುಗಳ ಹಿಂದೆಯೇ ಸಗಟಾಗಿ ಕೊಂಡ ಸೀಟುಗಳು ಅವು, ಕೆಲವೊಮ್ಮೆ ಸೈಟಿನ ದರಕ್ಕಿಂತ ಕಡಿಮೆಗೆ ಸಿಗುತ್ತವೆ. ರದ್ದು ಮಾಡಿದರೆ ದುಡ್ಡು ವಾಪಸ್ ಇರುವುದಿಲ್ಲ. ಹೆಸರು ಕೊಟ್ಟ ಮೇಲೆ ಪಿಎನ್ಆರ್ ಪಡೆದು ಕಂಪನಿಯ ಸೈಟಿನಲ್ಲಿ ನೀವೇ ತೆರೆದು ನೋಡಿ. ಟೆಲಿಗ್ರಾಂನಲ್ಲಿ ಅರ್ಧ ಬೆಲೆಗೆ ಟಿಕೆಟ್ ಅನ್ನುವವರ ಹತ್ತಿರ ಮಾತ್ರ ಹೋಗಲೇಬೇಡಿ. ಕದ್ದ ಕಾರ್ಡಿನಲ್ಲಿ ತೆಗೆದ ಟಿಕೆಟ್ ಆಗಿದ್ದರೆ ಹೊರಡುವ ಮುನ್ನವೇ ರದ್ದಾಗುತ್ತದೆ.

ಬರೋಡಾ ಕನ್ನಡಿಗ | ಮೇ 30, ಬೆಳಗ್ಗೆ 11:20

ಬೆಂಗಳೂರಿನಿಂದ ವಡೋದರಾಕ್ಕೆ ದರ ನೋಡಿದಿರಾ? ಅಹಮದಾಬಾದ್ ಅಂತ ಟೈಪ್ ಮಾಡುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಇದನ್ನು ನೋಡುವುದೇ ಇಲ್ಲ. ಏರ್‌ಪೋರ್ಟಿನಿಂದ ಮೊಟೇರಾಕ್ಕೆ ಸುಮಾರು 110 ಕಿ.ಮೀ., ಎಕ್ಸ್‌ಪ್ರೆಸ್ ವೇ ಇದೆ, ಕಾರಿನಲ್ಲಿ ಎರಡು ಗಂಟೆ. ನಾಲ್ವರು ಹಂಚಿಕೊಂಡರೆ ಟ್ಯಾಕ್ಸಿ ಭಾರವಲ್ಲ. ಇನ್ನೂ ಅಗ್ಗಕ್ಕೆ ಬೇಕೆಂದರೆ ಏರ್‌ಪೋರ್ಟಿನಿಂದ ಐದಾರು ಕಿ.ಮೀ. ಆಟೊದಲ್ಲಿ ವಡೋದರಾ ರೈಲ್ವೆ ಸ್ಟೇಷನ್ನಿಗೆ ಬನ್ನಿ. ಮುಂಬೈ–ಅಹಮದಾಬಾದ್ ಗಾಡಿಗಳೆಲ್ಲ ಇಲ್ಲೇ ಹಾದು ಹೋಗುತ್ತವೆ, ಒಂದೂವರೆಯಿಂದ ಎರಡು ಗಂಟೆ. ಗುಜರಾತ್ ಸರ್ಕಾರಿ ಬಸ್ಸುಗಳೂ ಹಗಲೆಲ್ಲ ಇವೆ.

ಸೂರತ್ ಎರಡನೇ ಆಯ್ಕೆ, ಅಲ್ಲಿಂದ ವೇಗದ ರೈಲಿನಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ. ರಾಜಕೋಟ್‌ನ ಹೊಸ ಏರ್‌ಪೋರ್ಟ್ ಹೀರಾಸರ್‌ನಲ್ಲಿದೆ, ಊರಿಗಿಂತ ಅಹಮದಾಬಾದ್ ದಿಕ್ಕಿಗೆ. ಆದರೂ ರಸ್ತೆಯಲ್ಲಿ ಮೂರೂವರೆ ಗಂಟೆ ಹಿಡಿಯುತ್ತದೆ. ಉದಯಪುರ 260 ಕಿ.ಮೀ., ಬೇರೇನೂ ಸಿಗದಿದ್ದರೆ ಮಾತ್ರ.

ಫೈನಲ್ ರಾತ್ರಿ ಅಹಮದಾಬಾದಿನ ಹೋಟೆಲ್ ದರವೂ ವಿಮಾನದ ಹಾಗೇ ಏರುತ್ತದೆ. ವಿಮಾನದಲ್ಲಿ ಉಳಿಸಿದ್ದನ್ನು ಕೋಣೆಗೆ ಕೊಡಬೇಡಿ. ವಡೋದರಾ ದಾರಿಯ ನಡಿಯಾದ್, ಆಣಂದ್ ಇಲ್ಲವೇ ವಡೋದರಾದಲ್ಲೇ ಕೋಣೆ ಹಿಡಿದು, ಪಂದ್ಯ ಮುಗಿದ ಮೇಲೆ ಮೊದಲೇ ಮಾತಾಡಿಟ್ಟ ಕಾರಿನಲ್ಲಿ ಹೊರಡಿ. ಕಾರನ್ನು ಸ್ಟೇಡಿಯಂ ಗೇಟಿಗೆ ಕರೆಯಬೇಡಿ, ಪೊಲೀಸರು ಸುತ್ತಮುತ್ತಲ ರಸ್ತೆ ಮುಚ್ಚಿರುತ್ತಾರೆ. ಮೆಟ್ರೊದಲ್ಲಿ ನಾಲ್ಕೈದು ನಿಲ್ದಾಣ ದೂರ ಬಂದು ಅಲ್ಲಿಂದ ಹತ್ತಿ.

ಹಳಿ ಹುಬ್ಬಳ್ಳಿ | ಮೇ 30, ಮಧ್ಯಾಹ್ನ 1:05

ಮುಂಬೈ ದಾರಿ ಯಾರೂ ಹೇಳಲಿಲ್ಲ ನೋಡ್ರಿ. ಬೆಂಗಳೂರು–ಮುಂಬೈ ವಿಮಾನ ದಿನಕ್ಕೆ ಎಷ್ಟೋ ಅದಾವ, ಹಂಗಾಗಿ ಫೈನಲ್ ಜನ ಅಲ್ಲಿಯ ದರ ಅಷ್ಟು ಏರಿಸಂಗಿಲ್ಲ. ಆದ್ರ ಗಂಟಿ ಲೆಕ್ಕ ತಪ್ಪಿದ್ರ ಪಂದ್ಯನ ಹೋಗತೈತಿ.

3ನೇ ತಾರೀಕು ಮುಂಜಾನೆ ಬೆಂಗಳೂರು ಬಿಟ್ರ ಬೆಳಗಿನ ವಂದೇ ಭಾರತ್ ಸಿಗಂಗಿಲ್ಲ, ಅದು ಮುಂಬೈ ಸೆಂಟ್ರಲ್ ಬಿಡೂದ 6ರ ಸುಮಾರಿಗೆ. ಮಧ್ಯಾಹ್ನದ ಇನ್ನೊಂದು ವಂದೇ ಭಾರತ್ 15:55ಕ್ಕ ಬಿಟ್ಟು ಅಹಮದಾಬಾದ್ ಮುಟ್ಟೂದು ರಾತ್ರಿ ಒಂಬತ್ತೂವರಿಗೆ, ಅಷ್ಟೊತ್ತಿಗೆ ಒಂದು ಇನ್ನಿಂಗ್ಸ್ ಮುಗಿದಿರತೈತಿ. ಅದಕ್ಕ 2ನೇ ತಾರೀಕು ಸಂಜಿಕಿನ ಮುಂಬೈ ಮುಟ್ರಿ. ರಾತ್ರಿ ರೈಲು ಇಲ್ಲಾ ಮುಂಬೈ ಉತ್ತರದ ಬೋರಿವಲಿಯಿಂದ ಬಸ್ ಹಿಡಿದ್ರ ಕೋಣಿ ಖರ್ಚೂ ಉಳಿತು. ಇಲ್ಲಾಂದ್ರ 3ರ ಬೆಳಗಿನ ವಂದೇ ಭಾರತ್, ಹನ್ನೊಂದೂವರಿ ಸುಮಾರಿಗೆ ಅಹಮದಾಬಾದ್.

ತತ್ಕಾಲ್ ಗಾಡಿ ಹೊರಡೂ ಹಿಂದಿನ ದಿನ ತೆರಿತೈತಿ, ಎಸಿ 10ಕ್ಕ, ಸ್ಲೀಪರ್ 11ಕ್ಕ. 2ರ ರಾತ್ರಿ ಗಾಡಿಗೆ ಜೂನ್ 1, ಬೆಳಿಗ್ಗೆ 10. ಒಂದು ಪಿಎನ್ಆರ್‌ಗೆ ನಾಲ್ಕ ಮಂದಿ ಅಷ್ಟ, ನಿಮಗ ಸಾಕಾತು. ಪ್ರಯಾಣಿಕರ ಪಟ್ಟಿ ಇವತ್ತ ಐಆರ್‌ಸಿಟಿಸಿ ಖಾತೆಯ ಮಾಸ್ಟರ್ ಲಿಸ್ಟ್‌ನ್ಯಾಗ ತುಂಬಿಡ್ರಿ, ಹತ್ತಕ್ಕ ಹೆಸರು ಟೈಪ್ ಮಾಡ್ಕೋತ ಕೂತ್ರ ವೇಟಿಂಗ್ ಲಿಸ್ಟ್ ಗ್ಯಾರಂಟಿ. ಕನ್ಫರ್ಮ್ ತತ್ಕಾಲ್ ರದ್ದು ಮಾಡಿದ್ರ ಪೈಸಾನೂ ಬರಂಗಿಲ್ಲ.

ಒಂದು ಮುಖ್ಯ ಮಾತು. ಭಾನುವಾರ ಕ್ವಾಲಿಫೈಯರ್ 2 ಐತಿ, ಅದರಾಗ ಗೆದ್ದವರು ಫೈನಲ್‌ಗೆ ಬರತಾರ; ಮುಂಬೈ ಅಲ್ಲಿತನಕ ಬಂದು ಗೆದ್ರ ಮುಂಬೈ–ಅಹಮದಾಬಾದ್ ರೈಲು, ಬಸ್, ವಿಮಾನ ಎಲ್ಲಾ ರಾತ್ರಿ ಒಳಗ ತುಂಬತಾವ. ಅದಕ್ಕ ಈ ತುಂಡು ಪ್ರಯಾಣದ ಟಿಕೆಟ್ ಭಾನುವಾರ ಸಂಜಿ ಒಳಗ ಮುಗಿಸ್ರಿ.

ಹುಬ್ಬಳ್ಳಿ ಗೆಳೆಯ ಬೆಂಗಳೂರಿಗೆ ಬಂದು ವಿಮಾನ ಹತ್ತೂದು ಬ್ಯಾಡ. ಬೆಂಗಳೂರಿಂದ ಜೋಧಪುರ, ಅಜ್ಮೇರ್, ಗಾಂಧಿಧಾಮ ಕಡೆ ಹೋಗೂ ಗಾಡಿಗಳು ಹುಬ್ಬಳ್ಳಿ ಮ್ಯಾಲೇ ಅಹಮದಾಬಾದ್ ಕಡೆ ಹೋಗತಾವ. ಒಂದು ಹಗಲು ಒಂದು ರಾತ್ರಿ ದಾಟತೈತಿ, ಪ್ರತಿ ಗಾಡಿನೂ ವಾರಕ್ಕ ಒಂದೆರಡು ದಿನ ಅಷ್ಟ, ದಿನ ನೋಡಿ ಹಾಕ್ರಿ. ಇಲ್ಲಾಂದ್ರ ಬಸ್‌ನ್ಯಾಗ ಗೋವಾಕ್ಕ ಹೋಗಿ ಅಲ್ಲಿಂದ ವಿಮಾನ. ಅಲ್ಲಿ ದಾಬೋಲಿಂ, ಮೋಪಾ ಅಂತ ಎರಡು ಏರ್‌ಪೋರ್ಟ್ ಅದಾವ, ಎರಡೂ ಹುಡುಕ್ರಿ, ಎರಡರ ನಡುವ ದೂರ ಐತಿ, ಯಾವುದು ಅಂತ ಟಿಕೆಟ್ ಮ್ಯಾಲೆ ಖಾತ್ರಿ ಮಾಡ್ಕೋರಿ.

ಕೆಂಪುಕಪ್ಪು_ಯಲಹಂಕ | ಮೇ 30, ಸಂಜೆ 6:40

ಎಲ್ಲರಿಗೂ ಧನ್ಯವಾದ. ವಡೋದರಾ ನಿಜಕ್ಕೂ ಕಡಿಮೆ ಇದೆ, ಒಬ್ಬರಿಗೆ ಹುಡುಕಿದಾಗ ಇನ್ನೂ ಕಡಿಮೆ. ಮುಂಬೈವರೆಗೆ ಒಂದು ವಿಮಾನ, ಅಲ್ಲಿಂದ ಬೇರೆ ಕಂಪನಿಯ ಇನ್ನೊಂದು ವಿಮಾನ ಅಂತಲೂ ನೋಡುತ್ತಿದ್ದೇನೆ, ನಡುವೆ ಒಂದೂ ಮುಕ್ಕಾಲು ಗಂಟೆ. ಸಾಲುತ್ತದೆಯೇ? ಈಗ ಒಂದು ಟಿಕೆಟ್ ಮಾಡಿ, ಆಮೇಲೆ ಅಗ್ಗದ್ದು ಸಿಕ್ಕರೆ 24 ಗಂಟೆಯೊಳಗೆ ಉಚಿತವಾಗಿ ರದ್ದು ಮಾಡಬಹುದಲ್ಲವೇ?

ದರಪಟ್ಟಿ | ಮೇ 30, ಸಂಜೆ 7:30

ಎರಡಕ್ಕೂ ಇಲ್ಲ.

24 ಗಂಟೆಯ ಉಚಿತ ರದ್ದತಿ ವಿಮಾನಯಾನ ನಿಯಂತ್ರಕ ಡಿಜಿಸಿಎಯ 2025ರ ಈ ಹೊತ್ತಿನ ನಿಯಮದಲ್ಲಿ ಇದೆ, ಆದರೆ ಬುಕಿಂಗ್ ದಿನಕ್ಕೂ ಹೊರಡುವ ದಿನಕ್ಕೂ ಏಳು ದಿನಕ್ಕಿಂತ ಕಡಿಮೆ ಇದ್ದರೆ ಅನ್ವಯಿಸುವುದಿಲ್ಲ. ನಿಮ್ಮದು ನಾಲ್ಕೇ ದಿನ. ರದ್ದು ಮಾಡಲೇಬೇಕಾಗಿ ಬಂದರೆ, ಮೂಲ ದರ ಪೂರ್ತಿ ಹೋದರೂ ಯುಡಿಎಫ್‌ನಂಥ ವಿಮಾನ ನಿಲ್ದಾಣದ ಶುಲ್ಕಗಳನ್ನು ಕೇಳಿ ಪಡೆಯಿರಿ. 'ನಾನ್ ರಿಫಂಡಬಲ್' ಟಿಕೆಟ್‌ಗೂ ಅದು ವಾಪಸ್ ಬರಬೇಕು. ಟಿಕೆಟ್ ಇನ್ನೊಬ್ಬರ ಹೆಸರಿಗೆ ವರ್ಗವಾಗುವುದಿಲ್ಲ. ಅದೇ ವ್ಯಕ್ತಿಯ ಹೆಸರಿನ ಕಾಗುಣಿತ ತಪ್ಪಿದ್ದರೆ, ಕಂಪನಿಯ ಸೈಟಿನಲ್ಲೇ ಬುಕ್ ಮಾಡಿ 24 ಗಂಟೆಯೊಳಗೆ ಹೇಳಿದರೆ ಶುಲ್ಕವಿಲ್ಲದೆ ತಿದ್ದುತ್ತಾರೆ.

ಬೇರೆ ಬೇರೆ ಟಿಕೆಟ್‌ನಲ್ಲಿ ಮುಂಬೈಯಲ್ಲಿ ಬದಲಿಸುವುದಾದರೆ ಕನಿಷ್ಠ ಮೂರು ಗಂಟೆ ಇರಲಿ. ಮೊದಲ ವಿಮಾನ ತಡವಾದರೆ ಎರಡನೇ ಕಂಪನಿಗೆ ಯಾವ ಹೊಣೆಯೂ ಇಲ್ಲ, ನೀವು 'ಬಾರದ ಪ್ರಯಾಣಿಕ', ಅಷ್ಟೆ. ಬ್ಯಾಗ್ ಚೆಕ್‌ಇನ್ ಮಾಡಿದ್ದರೆ ಹೊರಗೆ ಬಂದು ತೆಗೆದುಕೊಂಡು ಮತ್ತೆ ಕೌಂಟರಿಗೆ ಹೋಗಬೇಕು, ಹೊರಡುವ ಒಂದು ಗಂಟೆ ಮುಂಚೆ ಕೌಂಟರ್ ಮುಚ್ಚುತ್ತದೆ. ಮುಂಬೈಯಲ್ಲಿ ಟರ್ಮಿನಲ್ 1, 2 (ಟಿ1, ಟಿ2) ನಡುವೆ ಹೊರಗೆ ಬಂದು ರಸ್ತೆಯಲ್ಲೋ ಮೆಟ್ರೊದಲ್ಲೋ ಓಡಾಡಬೇಕು. ಈ ಸಲ ಮುಂಗಾರು ಮೇ 26ಕ್ಕೇ ಮುಂಬೈಗೆ ಬಂದಿದೆ, ಮಳೆಯಲ್ಲಿ ವಿಮಾನಗಳು ಸುತ್ತು ಹೊಡೆಯುವುದು ಮಾಮೂಲು. ಅದೇ ಎರಡು ವಿಮಾನ ಒಂದೇ ಪಿಎನ್ಆರ್‌ನಲ್ಲಿ ಸಿಕ್ಕರೆ ಒಂದೂ ಮುಕ್ಕಾಲು ಗಂಟೆಯೂ ಸರಿ, ಯಾಕೆಂದರೆ ಆಗ ಮುಂದಿನ ವಿಮಾನಕ್ಕೆ ಹತ್ತಿಸುವ ಕೆಲಸ ಅವರದು. ನಾಲ್ವರೂ ಏಳು ಕಿಲೋದ ಕೈಚೀಲದಲ್ಲಿ ಮುಗಿಸಿ. ಇಂಥ ಪ್ರಯಾಣಕ್ಕೆ ಅದಕ್ಕಿಂತ ದೊಡ್ಡ ಉಳಿತಾಯ ಇಲ್ಲ.

ಬೆಂಗಳೂರಿನಲ್ಲಿ ಇಂಡಿಗೊ ದೇಶೀಯ ಮತ್ತು ಆಕಾಸ ಟಿ1ರಿಂದ, ಏರ್ ಇಂಡಿಯಾ ಮತ್ತು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಟಿ2ರಿಂದ. ಪಿಎನ್ಆರ್ ಒಡೆದು ಮಾಡಿದವರು ಇದನ್ನು ಒಮ್ಮೆ ನೋಡಿಕೊಳ್ಳಿ.

ವಾಪಸಾತಿಯಲ್ಲಿ ಎಚ್ಚರ. ಫೈನಲ್‌ಗೆ ಜೂನ್ 4 ಮೀಸಲು ದಿನ. 2023ರಲ್ಲಿ ಇದೇ ಸ್ಟೇಡಿಯಂನಲ್ಲಿ ಮೇ 28ರ ಫೈನಲ್ ಮಳೆಯಿಂದ 29ಕ್ಕೆ ಹೋಗಿ, ಮುಗಿದಾಗ 30ರ ನಸುಕು. 4ರ ಬೆಳಗಿನ ವಿಮಾನವೇ ಎಲ್ಲಕ್ಕಿಂತ ದುಬಾರಿ, ಮಳೆ ಬಂದರೆ ಅದೇ ವ್ಯರ್ಥ. ನಿಮಗೆ 5ರ ಬೆಳಗ್ಗೆ ಆಫೀಸು ಇರುವುದರಿಂದ 4ರ ಸಂಜೆ ಅಥವಾ ರಾತ್ರಿ ವಡೋದರಾ ಇಲ್ಲವೇ ಸೂರತ್‌ನಿಂದ ನೋಡಿ. ಮೀಸಲು ದಿನಕ್ಕೆ ಹೋದರೆ ಆಫೀಸೋ ಪಂದ್ಯವೋ ಎಂದು ಈಗಲೇ ತೀರ್ಮಾನಿಸಿ. ಪಂದ್ಯವೇ ಅನ್ನುವುದಾದರೆ, ದಿನಾಂಕ ಬದಲಿಸುವ ಶುಲ್ಕ ಕಡಿಮೆ ಇರುವ ದರವನ್ನು ವಾಪಸಾತಿಗೆ ಮಾತ್ರ ಕೊಳ್ಳಿ. ಬದಲಿಸುವಾಗ ಶುಲ್ಕದ ಜೊತೆ ಆ ದಿನದ ದರದ ವ್ಯತ್ಯಾಸವನ್ನೂ ಕಟ್ಟಬೇಕಾಗುತ್ತದೆ.

ಬರೋಡಾ ಕನ್ನಡಿಗ | ಮೇ 31, ಬೆಳಗ್ಗೆ 8:15

ಸ್ಟೇಡಿಯಂ ಒಳಗೆ ಬ್ಯಾಗ್, ಪವರ್ ಬ್ಯಾಂಕ್, ನೀರಿನ ಬಾಟಲಿ ಬಿಡುವುದಿಲ್ಲ. ವಿಮಾನದಿಂದ ನೇರ ಮೊಟೇರಾಕ್ಕೆ ಬರುವವರು ಸಿಕ್ಕಿಬೀಳುವುದೇ ಇಲ್ಲಿ. ರೈಲಿನಲ್ಲಿ ಬಂದವರು ಟಿಕೆಟ್ ತೋರಿಸಿ ಸ್ಟೇಷನ್ ಕ್ಲೋಕ್ ರೂಮಿನಲ್ಲಿ ಇಡಬಹುದು, ಬ್ಯಾಗಿಗೆ ಬೀಗ ಇರಲೇಬೇಕು. ಅಹಮದಾಬಾದಿನ ಮುಖ್ಯ ರೈಲ್ವೆ ನಿಲ್ದಾಣವಾದ ಕಾಲುಪುರ ಸ್ಟೇಷನ್ನಿಂದ ಮೆಟ್ರೊ ಹತ್ತಿ ಓಲ್ಡ್ ಹೈಕೋರ್ಟಿನಲ್ಲಿ ಬದಲಿಸಿದರೆ ಮೊಟೇರಾ ಸ್ಟೇಡಿಯಂ ನಿಲ್ದಾಣ. ಪಂದ್ಯದ ದಿನ ತಡರಾತ್ರಿಯವರೆಗೂ ಓಡಿಸುತ್ತಾರೆ, ವಾಪಸಾತಿ ಟಿಕೆಟನ್ನು ಹೋಗುವಾಗಲೇ ಕೊಂಡಿಟ್ಟುಕೊಳ್ಳಿ. ಗುಜರಾತಿನಲ್ಲಿ ಪಾನನಿಷೇಧ ಇದೆ, ಸಂಭ್ರಮಕ್ಕೆಂದು ಬ್ಯಾಗಿನಲ್ಲಿ ಬಾಟಲಿ ತರಬೇಡಿ.

ಹಳಿ ಹುಬ್ಬಳ್ಳಿ | ಜೂನ್ 2, ಬೆಳಗ್ಗೆ 7:40

ನಿನ್ನಿ ಅಹಮದಾಬಾದ್‌ನ್ಯಾಗ ಮಳಿ ಬಂದು ಪಂದ್ಯ ಶುರುವಾಗಿದ್ದ 9:45ಕ್ಕ, ಆದ್ರೂ ಪೂರಾ 20 ಓವರ್ ಆಡಿಸಿದ್ರು, ಮುಗಿಯೂದ್ರಾಗ ರಾತ್ರಿ ಒಂದು ದಾಟಿತ್ತು. ನಾಳೆನೂ ಹಂಗ ಆದ್ರ ಕೊನೀ ಮೆಟ್ರೊ ಸಿಗೂದು ಕಷ್ಟ, ಕಾರು ಮಾತಾಡಿಟ್ಟವರು ಡ್ರೈವರ್‌ಗೆ ಇವತ್ತ ಹೇಳಿ ಇಡ್ರಿ.

ಮುಂಬೈ ಸೋತೈತಿ. ಅಲ್ಲಿ ಮಂದಿ ಮೊದ್ಲ ಮಾಡಿಟ್ಟ ಟಿಕೆಟ್ ಇವತ್ತು ರದ್ದಾಗತಾವ. ಇನ್ನೂ ಟಿಕೆಟ್ ಇಲ್ಲದವರು ಮುಂಬೈಗೆ ಸಂಜಿ ವಿಮಾನ ಹಿಡೀರಿ. ನಾಳೆ ಬೆಳಗಿನ ವಂದೇ ಭಾರತ್ ತತ್ಕಾಲ್ ಇವತ್ತ 10ಕ್ಕ ತೆರಿತೈತಿ, 9:55ಕ್ಕ ಲಾಗಿನ್ ಆಗಿ ಕೂಡ್ರಿ. ಅದು ತಪ್ಪಿದ್ರ ಚಾರ್ಟ್ ಆದ ಮ್ಯಾಲೆ ಐಆರ್‌ಸಿಟಿಸಿಯೊಳಗ ಕರೆಂಟ್ ಬುಕಿಂಗ್, ಅಂದ್ರ ಉಳಿದ ಸೀಟಿನ ಮಾರಾಟ, ನೋಡ್ರಿ. ಬೋರಿವಲಿಯಿಂದ ಹತ್ತೂದಾದ್ರ ಬೋರ್ಡಿಂಗ್ ಸ್ಟೇಷನ್ ಬೋರಿವಲಿ ಅಂತನ ಹಾಕ್ರಿ.