ಕೇದಾರಕಂಠಕ್ಕೆ ಜನವರಿಯೋ, ಫೆಬ್ರವರಿಯೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ನಾಲ್ಕು ಜನ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಚಾರಣ ಹೊರಟಿದ್ದೇವೆ. ಕೊಡಚಾದ್ರಿ (1,343 ಮೀಟರ್) ಹತ್ತಿ ಅಭ್ಯಾಸವಿದೆ, ಆದರೆ ಇದು ಸುಮಾರು 3,800 ಮೀಟರ್. ಹಿಮವನ್ನಂತೂ ಯಾರೂ ಕಂಡಿಲ್ಲ.

ಡಿಸೆಂಬರ್ ಶುರುವಿನಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಹೊಸ ವರ್ಷದ ಹೊತ್ತಿಗೆ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಜಾತ್ರೆಯಷ್ಟು ಜನ. ಜನವರಿಯಲ್ಲಿ ಹಿಮ ಜಾಸ್ತಿ, ಚಳಿಯೂ ಜಾಸ್ತಿ; ರಾತ್ರಿ ಟೆಂಟಿನೊಳಗೆ ಬಾಟಲಿ ನೀರೂ ಗಟ್ಟಿಯಾಗುತ್ತದಂತೆ. ಮೇಲಾಗಿ ಮನೆಯಲ್ಲಿ ಅಡಿಕೆ ಕೊಯ್ಲು. ಅಪ್ಪಯ್ಯ ಬಿಟ್ಟ ಹಾಗೇ!

ಹಾಗಾಗಿ ಫೆಬ್ರವರಿ ಕೊನೆ ವಾರ ಅಂತ ನನ್ನ ಲೆಕ್ಕ. ಹಗಲು ಸ್ವಲ್ಪ ಉದ್ದ, ಬಿಸಿಲೂ ಸಿಗುತ್ತದೆ ಅಲ್ವಾ? ಆದರೆ ಆಗ ದಾರಿಯಲ್ಲಿ ಸಿಗುವ ಜುಡಾ ಕಾ ತಾಲಾಬ್ ಕೆರೆ ಹೆಪ್ಪುಗಟ್ಟಿಯೇ ಇರುತ್ತಾ? ಮಧ್ಯಾಹ್ನ ಹಿಮ ಮೆತ್ತಗಾಗಿ ಕಾಲು ಮೊಣಕಾಲವರೆಗೆ ಹೂತುಹೋಗುತ್ತಾ? ಆ ತಿಂಗಳಲ್ಲಿ ಹೋಗಿಬಂದವರು ದಯವಿಟ್ಟು ತಿಳಿಸಿ. ಹಿಮ ಬೂಟಿನೊಳಗೆ ಹೋಗದಂತೆ ಕಾಲಿಗೆ ಸುತ್ತುವ ಗೇಟರ್, ಬೂಟಿಗೆ ಕಟ್ಟುವ ಮುಳ್ಳುಪಟ್ಟಿ ಅಲ್ಲೇ ಬಾಡಿಗೆಗೆ ಸಿಗುತ್ತಾ ಅನ್ನುವುದನ್ನೂ ಹೇಳಿ.