ಗಿಟಾರ್ ಫ್ರೆಟ್‌ಬೋರ್ಡ್ ಆನ್‌ಲೈನಿನಲ್ಲಿ ಕಲಿತವರಿದ್ದೀರಾ? ಅನುಭವ ಹೇಳಿ

ಬದಿಯಡ್ಕದಿಂದ ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದು ಹಾಡಿಗೆ ನುಡಿಸುವಷ್ಟು ಬರುತ್ತದೆ. ಆದರೆ ಐದನೇ ತಂತಿಯ ಏಳನೇ ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ) ಯಾವ ಸ್ವರ ಅಂತ ಕೇಳಿದರೆ ಬೆರಳು ಮಡಚಿ ಎಣಿಸಬೇಕು. ಹತ್ತಿರದಲ್ಲಿ ಕಲಿಸುವವರು ಸಿಕ್ಕಿಲ್ಲ. ಚುಕ್ಕೆ ತೋರಿಸಿ ಹೆಸರು ಕೇಳುವ ಆನ್‌ಲೈನ್ ಅಭ್ಯಾಸಗಳಿಂದ ನಿಜವಾಗಿ ಪ್ರಯೋಜನ ಇದೆಯಾ? ಎಲ್ಲಿಂದ ಶುರುಮಾಡಲಿ?

ಕುಂಬಳೆಯಿಂದ: ಖಂಡಿತ ಇದೆ. ಮ್ಯೂಸಿಕ್‌ಥಿಯರಿ.ನೆಟ್‌ನ ಫ್ರೆಟ್‌ಬೋರ್ಡ್ ಅಭ್ಯಾಸ ಬ್ರೌಸರಿನಲ್ಲೇ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಯಾವುದನ್ನೇ ಬಳಸಿ, ಆರೂ ತಂತಿ ಒಟ್ಟಿಗೆ ಇಟ್ಟುಕೊಂಡು ಕೂರಬೇಡಿ. ತಂತಿ, ಫ್ರೆಟ್ ಕಡಿಮೆ ಮಾಡಿಕೊಳ್ಳಲು ಆಗುವಂಥದ್ದನ್ನೇ ಆರಿಸಿ. ಮೊದಲು ಆರನೇ ತಂತಿ (ಎಲ್ಲಕ್ಕಿಂತ ದಪ್ಪದ್ದು) ಮಾತ್ರ, ಅದರಲ್ಲೂ ಶಾರ್ಪ್, ಫ್ಲಾಟ್ (ನಡುವೆ ಬರುವ ಸ್ವರಗಳು) ಬೇಡ. ಖಾಲಿ ತಂತಿ ಇ, 1ರಲ್ಲಿ ಎಫ್, 3ರಲ್ಲಿ ಜಿ, 5ರಲ್ಲಿ ಎ, 7ರಲ್ಲಿ ಬಿ, 8ರಲ್ಲಿ ಸಿ, 10ರಲ್ಲಿ ಡಿ, 12ರಲ್ಲಿ ಮತ್ತೆ ಇ. ಇಷ್ಟು ಗಟ್ಟಿಯಾದರೆ ಒಂದನೇ ತಂತಿಯೂ ಬಂದ ಹಾಗೆ, ಅದೂ ಇ ತಾನೆ. ಆಮೇಲೆ ಐದನೆಯದು.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಯಕ್ಷಗಾನದ ಆಟ, ತಾಳಮದ್ದಳೆ ಕೇಳಿ ಬೆಳೆದವರಿಗೆ 'ಬಿಳಿ ನಾಲ್ಕು', 'ಕಪ್ಪು ಎರಡು' ಎಂಬ ಶ್ರುತಿಯ ಹೆಸರು ಹೊಸದಲ್ಲ. ಹಾರ್ಮೋನಿಯಂನ ಬಿಳಿ ಒಂದು ಎಂದರೆ ಸಿ. ಬಿಳಿ ಮೂರು ಇ, ಬಿಳಿ ನಾಲ್ಕು ಎಫ್, ಬಿಳಿ ಏಳು ಬಿ. ಮೂರು–ನಾಲ್ಕರ ನಡುವೆ, ಏಳು ಮತ್ತು ಮೇಲಿನ ಒಂದರ ನಡುವೆ ಕಪ್ಪು ಇಲ್ಲ. ಹಾಗಾಗಿಯೇ ಗಿಟಾರಿನಲ್ಲೂ ಇ–ಎಫ್, ಬಿ–ಸಿ ಅಕ್ಕಪಕ್ಕದ ಫ್ರೆಟ್‌ಗಳು, ಉಳಿದೆಡೆ ನಡುವೆ ಒಂದು ಫ್ರೆಟ್. ಹಾರ್ಮೋನಿಯಂ ಕಣ್ಣ ಮುಂದೆ ತಂದುಕೊಂಡರೆ ಬಾಯಿಪಾಠದ ಶ್ರಮ ಅರ್ಧ ಇಳಿಯುತ್ತದೆ. ನಿಮ್ಮ ಐದನೇ ತಂತಿ ಎ, ಅಂದರೆ ಬಿಳಿ ಆರು. ಅಲ್ಲಿಂದ ಏಳು ಫ್ರೆಟ್ ಮೇಲೆ ಬಿಳಿ ಮೂರು, ಇ.

ಮಂಜೇಶ್ವರದಿಂದ: ಕುಂಬಳೆಯ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಇಗರ್ಜಿಯ ಗಾಯನ ತಂಡಕ್ಕೆ ಗಿಟಾರ್ ನುಡಿಸುವವಳು. ಪರದೆಯಲ್ಲಿ ಚುಕ್ಕೆ ಗುರುತಿಸುವುದು ಬೇರೆ, ಕೈ ಆ ಜಾಗಕ್ಕೆ ಹೋಗುವುದು ಬೇರೆ. ಚಿತ್ರದಲ್ಲಿ ಸಾಮಾನ್ಯವಾಗಿ ತೆಳು ತಂತಿ ಮೇಲಿರುತ್ತದೆ, ಗಿಟಾರ್ ಮಡಿಲಲ್ಲಿಟ್ಟು ಬಗ್ಗಿ ನೋಡಿದರೆ ದಪ್ಪ ತಂತಿ ನಮಗೆ ಹತ್ತಿರ. ಫೋನಿನಲ್ಲಿ ನೂರಕ್ಕೆ ನೂರು ಬಂದವರೂ ಇಲ್ಲಿ ತಡವರಿಸುತ್ತಾರೆ. ಅದಕ್ಕೆ ಫೋನನ್ನು ಎದುರಿಗಿಟ್ಟು, ಗಿಟಾರ್ ಹಿಡಿದೇ ಕೂರಿ. ಚುಕ್ಕೆ ಬಂದಾಗ ಮೊದಲು ಆ ಫ್ರೆಟ್ ಒತ್ತಿ ಮೀಟಿ, ಹೆಸರನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಉತ್ತರ ಒತ್ತಿ. ವೇಗದ ಅಂಕದ ಹಿಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಗಡಿಬಿಡಿಯಲ್ಲಿ ಕಿವಿ ಕೇಳುವುದನ್ನೇ ಬಿಡುತ್ತದೆ.

ಮುಳ್ಳೇರಿಯದಿಂದ: ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆಂಕಿ ಆ್ಯಪ್‌ನಲ್ಲಿ ನಾನೇ ಪ್ರಶ್ನೋತ್ತರದ ಚೀಟಿಗಳನ್ನು (ಫ್ಲ್ಯಾಶ್‌ಕಾರ್ಡ್) ಮಾಡಿಟ್ಟುಕೊಂಡಿದ್ದೇನೆ, ನೆಟ್ ಬೇಡ. ತಪ್ಪಿದ್ದನ್ನು ಬೇಗ, ಬಂದದ್ದನ್ನು ತಡವಾಗಿ ಅದೇ ತಿರುಗಿ ಕೇಳುತ್ತದೆ. ಆರು ಮತ್ತು ಐದನೇ ತಂತಿ ಬಂದ ಮೇಲೆ ಆಕ್ಟೇವ್ (ಅದೇ ಸ್ವರ, ಮೇಲಿನ ಸ್ಥಾಯಿಯಲ್ಲಿ) ಆಕಾರ ಹಿಡಿಯಿರಿ: ತೆಳು ತಂತಿಯ ಕಡೆಗೆ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ ಅದೇ ಸ್ವರ. ನಾಲ್ಕು, ಮೂರನೇ ತಂತಿಯಿಂದ ಹೊರಟರೆ ಮೂರು ಫ್ರೆಟ್ ಮುಂದೆ.

ಬದಿಯಡ್ಕದಿಂದ: ತುಂಬಾ ಉಪಕಾರ ಆಯ್ತು. ಅಲ್ಲಿ ಮಾತ್ರ ಮೂರು ಯಾಕೆ?

ಕುಂಬಳೆಯಿಂದ: ಶ್ರುತಿ ಮಾಡುವಾಗ ನೋಡಿದ್ದೀರಲ್ಲ, ಮುಂದಿನ ತಂತಿಗೆ ಹೊಂದಿಸಲು ಎಲ್ಲದರಲ್ಲೂ 5ನೇ ಫ್ರೆಟ್ ಒತ್ತುತ್ತೇವೆ, ಮೂರನೇ ತಂತಿಯಲ್ಲಿ ಮಾತ್ರ 4ನೆಯದು. ಜಿ (ಮೂರನೇ) ಮತ್ತು ಬಿ (ಎರಡನೇ) ತಂತಿಗಳ ಅಂತರ ಒಂದು ಫ್ರೆಟ್ ಕಮ್ಮಿ. ಅವೆರಡರ ನಡುವೆ ದಾಟುವ ಆಕಾರವೆಲ್ಲ ಒಂದು ಫ್ರೆಟ್ ಮುಂದೆ ಸರಿಯುತ್ತದೆ. ಬಿ ತಂತಿಯನ್ನು ಕೊನೆಗೆ ಪ್ರತ್ಯೇಕವಾಗಿ ಇಟ್ಟು ಅಭ್ಯಾಸ ಮಾಡಿ, ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಕು.